ಇದ್ದಿಲು ಮಾರುವ ಹುಡುಗನ ಕತೆ ಕನ್ನಡದಲ್ಲಿ ಯಾಕಿಲ್ಲ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಹಾಸ್ಟೆಲ್ ಹೈಕ್ಳು 'ಗುರೆಂಗೆ' ಹಾಡು ಕೇಳಿದ್ರೆ 'ಅರ್ಥ ಆಗ್ದಿರೋ ಜಪಾನಿ ಹಾಡು ನಿಂಗ್ಯಾಕ್ಲಾ' ಅಂತ ನಗೋರಿದ್ದಾರೆ.

ಅರ್ಥ ಇದೆ. ಗುರೆಂಗೆ ಅಂದ್ರೆ ಕೆಂದಾವರೆ. 2019ರಲ್ಲಿ ಬಂದ 'ಡೀಮನ್ ಸ್ಲೇಯರ್' ಅನಿಮೆ ಸರಣಿಯ ಶುರುವಿನ ಹಾಡು, ಹಾಡಿದವರು ಲಿಸಾ. ಕತೆಯ ನಾಯಕ ತಾಂಜಿರೊ ಯಾವ ರಾಜಕುಮಾರನೂ ಅಲ್ಲ, ಇದ್ದಿಲು ಮಾರುವ ಮನೆಯ ಹುಡುಗ. ಮನೆಯವರನ್ನ ಕಳ್ಕೊಂಡು, ರಕ್ಕಸಿಯಾದ ತಂಗಿಯನ್ನ ಮತ್ತೆ ಮನುಷ್ಯಳಾಗಿಸೋಕೆ ಹೊರಡ್ತಾನೆ. ಕೂಲಿ ಮಾಡೋರ ಮಕ್ಕಳಿಗೆ ಇದು ತಟ್ಟದೆ ಇರುತ್ತಾ?

2025ರ ಸೆಪ್ಟೆಂಬರ್‌ನಲ್ಲಿ ಇದೇ ಕತೆಯ 'ಇನ್ಫಿನಿಟಿ ಕ್ಯಾಸಲ್' ಸಿನಿಮಾ ಭಾರತಕ್ಕೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿತ್ತು. ಕನ್ನಡಕ್ಕೆ ಆಗಿರ್ಲಿಲ್ಲ.

ದಶಕಗಳ ಕಾಲ ನಮ್ಮ ಚಿತ್ರರಂಗ ಡಬ್ಬಿಂಗ್‌ಗೆ ಅಡ್ಡ ನಿಂತಿತ್ತು. ಅದು ಕಾನೂನಿಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತು. ಆದ್ರೂ 'ಕನ್ನಡದಲ್ಲಿ ಯಾರು ನೋಡ್ತಾರೆ' ಅನ್ನೋ ಉದಾಸೀನ ಹೋಗಿಲ್ಲ. ಕಲಾವಿದರ ಕೆಲಸ ಹೋಗುತ್ತೆ ಅನ್ನೋ ಆತಂಕ ಸುಳ್ಳಲ್ಲ, ಒಪ್ತೀನಿ. ಆದ್ರೆ ನಷ್ಟ ಆಗಿದ್ದು ಯಾರಿಗೆ? ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಸಬ್‌ಟೈಟಲ್ ಇದ್ರೆ ಸಾಕು. ಕನ್ನಡ ಬಿಟ್ರೆ ಬೇರೆ ಭಾಷೆ ಇಲ್ಲದ ನಮ್ಮ ಹೈಕ್ಳು ಮಾತ್ರ ಹೊರಗೆ ಉಳಿದ್ರು. ಹೊರಗೆ ನಿಲ್ಸೋದು ಹೇಗಿರುತ್ತೆ ಅಂತ ನಮ್ಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಡು ಜಪಾನಿಯಲ್ಲೇ ಇರ್ಲಿ, ಕೆಳಗೆ ಕನ್ನಡದ ಸಾಲು ಬರ್ಲಿ. ಮಾತು ಕನ್ನಡದಲ್ಲಿ ಕೇಳ್ಲಿ. ಸಿನಿಮಾ ಹಂಚೋರಿಗೆ, ಓಟಿಟಿಯವರಿಗೆ ಬರೀರಿ, ಕೇಳಿ. ಇದು ನಮ್ಮ ಮಕ್ಕಳ ಹಕ್ಕು.

ಜೈ ಭೀಮ್.