ಹೂವು ನಿಂತರೆ ಕಾಳು

ತಲಕಾಡೆಂದೊಡನೆ ವಾಚಕರಿಗೆ ಮರಳೂ ಪಂಚಲಿಂಗದರ್ಶನವೂ ನೆನಪಾಗುವುವು. ಅಲ್ಲಿ ಮಾಧವಮಂತ್ರಿ ನಾಲೆಯ ಕೆಳಗೆ ಭತ್ತ ಬೆಳೆಯುತ್ತದೆ; ನೀರು ಏರದ ಹೊಲಗಳಿಗೆ ಅಲಸಂದೆ, ಉದ್ದು, ಹೆಸರು, ಅವರೆಗಳೇ ಗತಿ. ನಮ್ಮ ಮನೆಗಳ ಸಾರಿಗೆ ಕಾಳು ಬರುವುದು ಇಂತಹ ಹೊಲಗಳಿಂದಲೇ ಆದುದರಿಂದ, ಈ ತಿಂಗಳು ಅದರ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ದ್ವಿದಳ ಗಿಡವು ಹೂ ಬಿಡುವುದರಲ್ಲಿ ಧಾರಾಳಿ, ಉಳಿಸಿಕೊಳ್ಳುವುದರಲ್ಲಿ ಬಡವ. ತೊಗರಿಯಲ್ಲಂತೂ ಅರಳಿದ ಹೂಗಳ ಪೈಕಿ ಹೆಚ್ಚಿನವು ಕಾಯಾಗದೆಯೇ ಉದುರುತ್ತವೆ. ಮಳೆ ಹಿಂದೆಗೆದರೆ ನಷ್ಟವು ಇನ್ನೂ ಅಧಿಕ. ಹೂವಿನ ತೊಟ್ಟು ಕಳಚದಂತೆ ತಡೆಯುವ ಆಕ್ಸಿನ್ ಎಂಬ ದ್ರವ್ಯವನ್ನು ಗಿಡವು ತಾನೇ ಅತ್ಯಲ್ಪವಾಗಿ ಉತ್ಪತ್ತಿ ಮಾಡಿಕೊಳ್ಳುತ್ತದೆ. ಅದು ಕುಗ್ಗಿದಾಗ ತೊಟ್ಟಿನ ಬುಡವು ಸಡಿಲವಾಗುವುದು.

ಈ ಕೊರತೆಯನ್ನು ತುಂಬಲು ನ್ಯಾಫ್ತಲೀನ್ ಅಸಿಟಿಕ್ ಆಮ್ಲವೆಂಬ ಕೃತಕ ಆಕ್ಸಿನ್ ಬಳಕೆಯಲ್ಲಿದೆ. ಉದ್ದು, ಹೆಸರುಗಳಿಗೆ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯವು ಸೂಚಿಸಿರುವ ಪ್ರಮಾಣವು ಲೀಟರು ನೀರಿಗೆ 40 ಮಿಲಿಗ್ರಾಂ ಮಾತ್ರ. ಹೂ ಬಿಡುವ ಮುನ್ನ ಒಮ್ಮೆ, 15 ದಿನಗಳ ತರುವಾಯ ಇನ್ನೊಮ್ಮೆ ಸಿಂಪಡಿಸಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವು ತೊಗರಿಗಾಗಿ ಪೋಷಕಾಂಶಗಳೊಡನೆ ಇಂತಹ ಚೋದಕವನ್ನೂ ಬೆರೆಸಿ 'ಪಲ್ಸ್ ಮ್ಯಾಜಿಕ್' ಎಂಬ ಪುಡಿಯನ್ನು ಸಿದ್ಧಪಡಿಸಿದೆ.

ಇದು ಗೊಬ್ಬರವಲ್ಲವೆಂಬುದನ್ನು ಮರೆಯಬಾರದು. ನೆಲದಲ್ಲಿ ಸಾರವೂ ತೇವವೂ ಇಲ್ಲದಿದ್ದರೆ ನಿಂತ ಹೂವು ಜೊಳ್ಳುಕಾಯಾದೀತು. ಹೆಚ್ಚು ಹಾಕಿದರೆ ಹೆಚ್ಚು ಫಲವೆಂಬ ಭ್ರಮೆಯೂ ಸಲ್ಲದು. ಭತ್ತದ ಕಳೆಗೆ ಹೊಡೆಯುವ 2,4-ಡಿ ಸಹ ಆಕ್ಸಿನ್ ಜಾತಿಯದೇ. ಅಗಲ ಎಲೆಯ ಗಿಡಗಳನ್ನು ಅದು ಮುರುಟಿಸಿ ಕೊಲ್ಲುತ್ತದೆ. ನಮ್ಮ ಕಾಳಿನ ಗಿಡಗಳೂ ಅಗಲ ಎಲೆಯವೇ ಅಲ್ಲವೇ? ಗದ್ದೆಯಲ್ಲಿ ಅದನ್ನು ಹೊಡೆದ ಸ್ಪ್ರೇಯರನ್ನೇ ಸರಿಯಾಗಿ ತೊಳೆಯದೆ ಅಲಸಂದೆಯ ಹೊಲಕ್ಕೆ ಒಯ್ದರೆ, ಬೆಳೆಸಹೊರಟವರೇ ಬೆಳೆಯನ್ನು ಕೊಂದಂತಾಗುವುದು. ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಸ್ಪ್ರೇಯರ್ ಇರಲಿ.

ಕಾಸು ಖರ್ಚಿಲ್ಲದ ಉಪಾಯವೊಂದುಂಟು. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಪಕ್ಕದ ಕವಲುಗಳನ್ನು ಅಡಗಿಸಿಡುತ್ತದೆ. ಬಿತ್ತಿದ 45-50 ದಿನಗಳಲ್ಲಿ ತೊಗರಿಯ ಕುಡಿ ಚಿವುಟಿದರೆ ಕವಲೊಡೆದು, ಹೂ ಬಿಡುವ ರೆಂಬೆಗಳು ಹೆಚ್ಚುವುವು. ಕಲಬುರಗಿ ಸೀಮೆಯ ರೈತರು ಇದನ್ನು ಮಾಡುತ್ತಾರೆ.

ಅಂಗಡಿಯಲ್ಲಿ 'ಟಾನಿಕ್' ಎಂದು ಕೊಡುವ ಸೀಸೆಯನ್ನು ಕೊಳ್ಳುವ ಮೊದಲು ಅದರಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಮನೆಯಲ್ಲಿ ಓದುಬಲ್ಲವರು ಓದಿ ಹೇಳಲಿ. ಸಂದೇಹವಿದ್ದರೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಅಡಿಗೆಗೆ ಉಪ್ಪು ಹೇಗೋ ಪೈರಿಗೆ ಈ ದ್ರವ್ಯವೂ ಹಾಗೆಯೇ. ಹದವರಿತ ಕೈಗೆ ಮಾತ್ರ ಇದು ಒಲಿಯುವುದು.