ಗೇಣುದ್ದದ ಎಂಜಿನ್ನೂ ಮಣಲಿಯ ಗಾಳಿಯೂ

ಅರವತ್ತು ದಾಟಿದ ಗೃಹಸ್ಥನೊಬ್ಬನು ಹಿತ್ತಾಳೆಯ ತಗಡು, ಅರ, ಇಕ್ಕಳಗಳನ್ನು ಮುಂದಿಟ್ಟುಕೊಂಡು ಪುಟ್ಟ ರೈಲ್ವೆ ಎಂಜಿನ್ನೊಂದನ್ನು ಕಟ್ಟುತ್ತ ಕುಳಿತರೆ, “ಇವರಿಗೆ ಎರಡನೆಯ ಬಾಲ್ಯ ಬಂದಿತು” ಎಂದು ನಗುವವರೇ ನಮ್ಮಲ್ಲಿ ಹೆಚ್ಚು. ನಗಲಿ. ನಿವೃತ್ತಿಯ ಅನಂತರ ಕೈಗೆ ಕೆಲಸವಿಲ್ಲದೆ ದೂರದರ್ಶನದ ಮುಂದೆ ಕುಸಿದು ಕೂರುವುದಕ್ಕಿಂತ ಈ ಹವ್ಯಾಸವು ಸಾವಿರ ಪಾಲು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಾವು ಮಣಲಿಯ ಪುಟ್ಟ ಮನೆಗಳಲ್ಲಿ ಇದನ್ನು ನಡೆಸುತ್ತಿರುವ ರೀತಿ ಸರಿಯಿಲ್ಲವೆಂಬುದೂ ಅಷ್ಟೇ ಖಚಿತವಾದ ಅಭಿಪ್ರಾಯ. ಆರೋಗ್ಯ ಲೇಖನಗಳಿಗೆ ಮೀಸಲಾದ ಈ ಪುಟಗಳಲ್ಲಿ ನಾನು ಬರೆಯಹೊರಟಿರುವುದು ಈ ಎರಡನೆಯ ಸಂಗತಿಗಾಗಿಯೇ.

ಮೊದಲು ಎಂಜಿನ್ನಿನ ಮಾತು. ನಾನು ಕಟ್ಟುತ್ತಿರುವುದು ವೈಪಿ ವರ್ಗದ ಮೀಟರ್‌ಗೇಜ್ ಉಗಿ ಎಂಜಿನ್. 1949ರಿಂದ 1970ರವರೆಗೆ ಈ ವರ್ಗದ 871 ಎಂಜಿನ್‌ಗಳು ತಯಾರಾದವು. ಬಹುಪಾಲು ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ. ಮೀಟರ್‌ಗೇಜಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ರೈಲು ಹತ್ತಿದವರಿಗೆ ಇದರ ಕೂಗು ಇನ್ನೂ ಕಿವಿಯಲ್ಲಿದ್ದೀತು. ಈ ಆಯ್ಕೆಗೆ ಮಮತೆಯಷ್ಟೇ ಅಲ್ಲದೆ ಲೆಕ್ಕಾಚಾರವೂ ಕಾರಣ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಎಚ್‌ಓ ಮಾದರಿಯ ಅಳತೆ 1:87. ಅದರ ಹಳಿಯ ಅಗಲ 16.5 ಮಿ.ಮೀ. ಇದು ಯೂರೋಪು, ಅಮೆರಿಕಗಳ 1435 ಮಿ.ಮೀ. ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೂ ತುಸು ಹೆಚ್ಚಾಗುತ್ತದೆ. ಆದುದರಿಂದ ಆ ಹಳಿಯ ಮೇಲೆ ನಿಲ್ಲಿಸಿದ ನಮ್ಮ ಎಂಜಿನ್ ಚಿಕ್ಕ ಪಾದರಕ್ಷೆ ತೊಟ್ಟ ಪೈಲ್ವಾನನಂತೆ ಕಾಣುತ್ತದೆ. ಮೀಟರ್‌ಗೇಜಿಗಾದರೋ 12 ಮಿ.ಮೀ. ಹಳಿ ಬಹುಮಟ್ಟಿಗೆ ಸರಿಹೊಂದುತ್ತದೆ. ಟೆಂಡರೂ ಸೇರಿದಂತೆ ವೈಪಿಯ ಉದ್ದ ಈ ಅಳತೆಯಲ್ಲಿ ಒಂದು ಗೇಣು.

ಪ್ರತ್ಯಕ್ಷ ನೋಡಿ ಅಳೆದುಕೊಳ್ಳಬೇಕೆನ್ನುವವರಿಗೆ ಮೈಸೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯವಿದೆ. ನಮಗೆ ಇನ್ನೂ ಸಮೀಪದಲ್ಲಿ, ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಆವರಣದಲ್ಲಿ, 2002ರಲ್ಲಿ ತೆರೆದ ಸಂಗ್ರಹಾಲಯವಿದೆ. (ಆ ಕಾರ್ಖಾನೆಯಲ್ಲಿ ಎಂಜಿನ್ ತಯಾರಾಗುತ್ತದೆಂದು ಮಕ್ಕಳಿಗೆ ಹೇಳುವ ಹಿರಿಯರಿದ್ದಾರೆ. 1955ರಿಂದ ಅದು ಹೆಸರಾಗಿರುವುದು ಬೋಗಿಗಳಿಗೆ.) ಪುಣೆಯಲ್ಲಿ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯವನ್ನು ಕಂಡವರು ಈ ಹವ್ಯಾಸವನ್ನು ಹುಡುಗಾಟವೆಂದು ಮತ್ತೆ ಕರೆಯಲಾರರು.

ಕಟ್ಟಿದ ಎಂಜಿನ್ನಿಗೆ ಬಣ್ಣ ಬಳಿದ ಮೇಲೆ ಅದಕ್ಕೆ ‘ಹಳಮೆ ಬರಿಸುವುದು’ ನನ್ನ ದೃಷ್ಟಿಯಲ್ಲಿ ಈ ಕಲೆಯ ಜೀವಾಳ. ಹೊಳೆಯುವ ಕಪ್ಪು ಎಂಜಿನ್ ಆಟಿಕೆಯೇ ಸರಿ. ದುಡಿದ ಎಂಜಿನ್ನಿನ ಮೈಮೇಲೆ ದುಡಿಮೆಯ ಗುರುತಿರುತ್ತದೆ: ಹೊಗೆಪೆಟ್ಟಿಗೆಯ ನೆತ್ತಿಯಲ್ಲಿ ಮಸಿ, ಗಡಸು ನೀರು ಸೋರಿ ಆರಿದೆಡೆ ಸುಣ್ಣದ ಬಿಳಿಯ ಗೆರೆ, ಬೂದಿತಟ್ಟೆಯ ಸುತ್ತ ತುಕ್ಕು, ಸರಳುಗಳ ಕೀಲಿನಲ್ಲಿ ಎಣ್ಣೆಯ ಜಿಡ್ಡು. ಯಾವುದು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆಂದು ತಿಳಿಯದೆ ಕಂದುಬಣ್ಣ ಎರಚಿದರೆ ಅದು ಕೊಳಕಾಗುತ್ತದೆಯೇ ಹೊರತು ಹಳತಾಗುವುದಿಲ್ಲ. ಈ ವಿದ್ಯೆಗೆ ಮಣಲಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಕಡಲ ಉಪ್ಪುಗಾಳಿಗೆ ನಮ್ಮ ಕಿಟಕಿಯ ಸರಳುಗಳು ಹೇಗೆ ತುಕ್ಕು ಹಿಡಿಯುತ್ತವೆ, ಮಹಡಿಯ ಗೋಡೆಯ ಮೇಲೆ ಮಸಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿದರೆ ಸಾಕು. 2023ರ ಡಿಸೆಂಬರಿನ ಚಂಡಮಾರುತದ ನೆರೆಯಲ್ಲಿ ಎಣ್ಣೂರಿನ ಕಡೆಯ ಮನೆಗಳ ಗೋಡೆಗಳಿಗೆ ಹತ್ತಿದ ಎಣ್ಣೆಯ ಗೆರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೊಡಕು ಇರುವುದೂ ಇಲ್ಲಿಯೇ. ನಮ್ಮ ಊರಿನ ಗಾಳಿ ಮೊದಲೇ ಭಾರ ಹೊತ್ತಿದೆ. 1969ರಲ್ಲಿ ತೈಲ ಶುದ್ಧೀಕರಣ ಆರಂಭವಾಯಿತು, ಅದರ ಸುತ್ತ ರಾಸಾಯನಿಕ ಕೈಗಾರಿಕೆಗಳು ಬೆಳೆದವು, ನಮ್ಮಲ್ಲಿ ಅನೇಕರು ಆ ಅನ್ನದಿಂದಲೇ ಬದುಕಿದ್ದೇವೆ, ಅದಕ್ಕೆ ಕೃತಘ್ನರಾಗಬೇಕಿಲ್ಲ. ಆದರೂ 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ 43 ತೀವ್ರ ಮಾಲಿನ್ಯಗ್ರಸ್ತ ಪ್ರದೇಶಗಳಲ್ಲಿ ಮಣಲಿಯನ್ನೂ ಸೇರಿಸಿತ್ತೆಂಬುದನ್ನು ಮರೆಯಲಾಗದು. ಹೊರಗಿನ ಗಾಳಿಯನ್ನು ನಾವೊಬ್ಬರೇ ತಿದ್ದಲಾರೆವು. ಒಳಗಿನ ಗಾಳಿಯನ್ನು ನಾವೇ ಕೆಡಿಸುವುದಾದರೂ ಏತಕ್ಕೆ?

ನಾನು ಕೆಡಿಸಿದವನು. ಐಪ್ಪಸಿ ಮಳೆಯ ದಿನಗಳವು. ತೇವದ ಗಾಳಿಯಲ್ಲಿ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜು ಹಿಡಿಯುತ್ತದೆಂದು ಮಲಗುವ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಡಬ್ಬಿಯ ಕಪ್ಪು ಬಣ್ಣವನ್ನು ಬಾಯ್ಲರಿಗೆ ಸಿಂಪಡಿಸಿದೆ. ಬಣ್ಣ ಕನ್ನಡಿಯಂತೆ ಕೂತಿತು. ಅಂದು ರಾತ್ರಿ ಆರು ವರ್ಷದ ಮೊಮ್ಮಗನಿಗೆ ಉಬ್ಬಸ ಎದ್ದು, ಎರಡು ಗಂಟೆಯ ವೇಳೆಗೆ ಅವನನ್ನು ಎತ್ತಿಕೊಂಡು ಓಡಬೇಕಾಯಿತು. ವೈದ್ಯರು ಮೊದಲು ಕೇಳಿದ್ದು, “ನಿಮ್ಮ ಬಟ್ಟೆಯಲ್ಲಿ ಇದೇನು ವಾಸನೆ?” ಎಂದು. ಅದೊಂದೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಸೊಸೆ ಏನೂ ಅನ್ನಲಿಲ್ಲ. ಆ ಮೌನವೇ ನನಗೆ ಸಾಕಾಯಿತು.

ಆಮೇಲೆ ತಿಳಿದುಕೊಂಡದ್ದನ್ನು ಇತರರ ಉಪಯೋಗಕ್ಕಾಗಿ ಹೇಳುತ್ತೇನೆ. ಥಿನ್ನರಿನಲ್ಲಿರುವ ಟಾಲ್ವೀನ್, ಕ್ಸೈಲೀನ್‌ಗಳ ಆವಿಯನ್ನು ಬಟ್ಟೆಯಾಗಲಿ ಸಾಮಾನ್ಯ ಮುಖಗವಸಾಗಲಿ ತಡೆಯದು. ಅದಕ್ಕೆ ಸಕ್ರಿಯ ಇದ್ದಿಲಿನ ಡಬ್ಬಿಯುಳ್ಳ ಗವಸೇ ಬೇಕು. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲ ಹಿಡಿದು ಹರಿಯುತ್ತದೆ: ಮಕ್ಕಳು ಆಡುವುದೂ ನೆಲದ ಮೇಲೆ, ದೇವರ ಮುಂದಿನ ದೀಪ ಇರುವುದೂ ನೆಲಕ್ಕೆ ಹತ್ತಿರದಲ್ಲಿ. ಬೆಸುಗೆಯ ತಂತಿಯಲ್ಲಿ ತವರದೊಡನೆ ಸೀಸವಿರುತ್ತದೆ. ಸೀಸ ದೇಹ ಸೇರುವುದು ಹೊಗೆಗಿಂತ ಹೆಚ್ಚಾಗಿ ಕೈಯಿಂದ ಬಾಯಿಗೆ; ಹೊಗೆಯಲ್ಲಿರುವುದು ರಾಳ, ಅದು ಉಬ್ಬಸವನ್ನು ಕೆರಳಿಸುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲಿಗೆ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕೈಗಾರಿಕಾ ಬಣ್ಣಗಳಿಗೆ ಆ ನಿಯಮ ಅನ್ವಯಿಸದು. ಹಳೆಯ ಅಂಗಡಿಯಲ್ಲಿ ಅಗ್ಗವಾಗಿ ದೊರೆತ ಡಬ್ಬಿಯೆಂದು ಹಿಗ್ಗುವ ಮುನ್ನ ಇದನ್ನು ನೆನೆಯಬೇಕು.

ಹಾಗೆಂದು ಬಣ್ಣವನ್ನೇ ಬಿಡಬೇಕೆ? ಬೇಕಿಲ್ಲ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪುತ್ತದೆ, ಕೇದಗೆಯ ಎಲೆಯಿಂದ ಹೊಳಪು ಬರುತ್ತದೆ. ಥಿನ್ನರಿನ ಮಾತೇ ಇಲ್ಲ. ಬಾಯ್ಲರೆಂದರೂ ಉರುಟಾದ ಕೊಳವೆಯೇ ತಾನೆ; ಅದನ್ನೇಕೆ ಹೀಗೆ ಮಾಡಬಾರದು? ಉಳಿದ ಭಾಗಗಳಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ, ಮೆತ್ತನೆಯ ಕುಂಚ. ಹಳಮೆಗೆ ಸೀಮೆಸುಣ್ಣ, ದೀಪದ ಕಾಡಿಗೆ, ಅರೆದ ಇದ್ದಿಲು. ಕುಂಚದ ಗೆರೆ ಕಾಣುತ್ತದೆಂದು ಶುದ್ಧಾಚಾರದ ಹವ್ಯಾಸಿಗಳು ಮೂಗು ಮುರಿದಾರು. ಮುರಿಯಲು ಅವರ ಮೂಗು ಆರೋಗ್ಯವಾಗಿರಲಿ.

ನನ್ನ ಮುಖ್ಯ ಸೂಚನೆ ಬೇರೆಯೇ ಇದೆ. ಸಂಘದ ಕಟ್ಟಡದ ಹಿಂಬದಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿರುವ ಕೊಠಡಿಯೊಂದಿದೆ. ಅಲ್ಲಿ ಎರಡು ಉದ್ದನೆಯ ಮೇಜು, ಗಾಳಿಯನ್ನು ಹೊರದಬ್ಬುವ ಒಂದು ಫ್ಯಾನು, ಕೈ ತೊಳೆಯುವ ತೊಟ್ಟಿ, ಬಣ್ಣಗಳಿಗೆ ಬೀಗವುಳ್ಳ ಕಬ್ಬಿಣದ ಪೆಟ್ಟಿಗೆ ಇಷ್ಟಾದರೆ ಬೆಸುಗೆ, ಸಿಂಪಡಣೆಗಳೆರಡನ್ನೂ ಮನೆಯಿಂದ ಹೊರಗೆ ತರಬಹುದು. ನಾಲ್ಕು ಮಂದಿಯ ಚಟಕ್ಕೆ ಸಂಘದ ಹಣವೇಕೆಂದು ಕೆಲವರು ಈಗಾಗಲೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಫ್ಯಾನಿನ ಖರ್ಚನ್ನು ಆ ನಾಲ್ಕು ಮಂದಿಯೇ ಹೊರಲು ಸಿದ್ಧರಿದ್ದೇವೆ. ಕೊಠಡಿ ಮಾತ್ರ ಬೇಕು. ಶನಿವಾರದ ಸಂಗೀತ ತರಗತಿಗೆ ಅರದ ಸದ್ದು ಅಡ್ಡಿಯಾಗುವುದೆಂಬ ಆಕ್ಷೇಪಣೆಗೆ ಭಾನುವಾರವಿದೆ.

ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಅಲ್ಲಿಯವರೆಗೆ ನನ್ನ ವೈಪಿಯ ಟೆಂಡರು ಬಣ್ಣವಿಲ್ಲದೆ, ಬರಿಯ ಹಿತ್ತಾಳೆಯ ಮೈಯಲ್ಲಿ, ಕಪಾಟಿನ ಮೇಲಿನ ಅಂತಸ್ತಿನಲ್ಲಿ ಕಾದು ಕುಳಿತಿದೆ.