ಮೆಣಸಿನಕಾಯಿಗೆ ಹೊಸ ಪಟ್ಟಿ, ಡ್ರೈವರಿಗೆ ಟಯರ್ ತುಂಡು

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆ ಪಿಕಪ್ ಗಾಡಿ ಮಾಲಕರ ಹತ್ರ ಎಲ್ಲದಕ್ಕೂ ದುಡ್ಡು ಇರುತ್ತೆ. ಹೆಚ್ಚು ಲೋಡ್ ಹೊರಲಿ ಅಂತ ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸೋಕೆ ದುಡ್ಡಿದೆ. ಗಾಜಿನ ಮೇಲೆ ಮನೆದೇವರ ಹೆಸರು ಬರೆಸೋಕೆ, ಊರಿಗೆಲ್ಲ ಕೇಳೋ ಹಂಗೆ ಹಾರ್ನ್ ಹಾಕಿಸೋಕೆ ದುಡ್ಡಿದೆ. ಕ್ಯಾಬಿನ್ ಕೆಳಗಿನ ರಬ್ಬರ್ ಬುಷ್ ಬದಲಿಸ್ರಿ ಅಂದ್ರೆ ಮಾತ್ರ, "ಈ ಸೀಜನ್ ಮುಗೀಲಿ ತಡಿಯಪಾ" ಅಂತಾರೆ. ಆ ಸೀಜನ್ ಮುಗಿಯೋದೇ ಇಲ್ಲ. ಮೆಣಸಿನಕಾಯಿ ಮುಗಿದ್ರೆ ಬೀಜ-ಗೊಬ್ಬರ, ಅದು ಮುಗಿದ್ರೆ ಗೋವಿನಜೋಳ, ಆಮೇಲೆ ಹತ್ತಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬೊಲೆರೊ ಪಿಕಪ್ ಥರದ ಗಾಡಿ ಕಾರಿನಂತೆ ಒಂದೇ ಡಬ್ಬಿ ಅಲ್ಲ. ಕೆಳಗೆ ಏಣಿಯಂಥ ಚಾಸಿ. ಎಂಜಿನ್, ಗೇರ್ ಬಾಕ್ಸ್, ಕಮಾನು, ಸ್ಟೀರಿಂಗ್ ಬಾಕ್ಸ್ ಎಲ್ಲ ಅದರ ಮೇಲೆ. ಡ್ರೈವರ್ ಕೂರೋ ಕ್ಯಾಬಿನ್ ಬೇರೆಯದೇ ಡಬ್ಬಿ, ಚಾಸಿ ಮೇಲೆ ಬೋಲ್ಟಿನಿಂದ ಕೂತಿರುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು ಅಂತ ನಡುವೆ ರಬ್ಬರ್ ಬುಷ್. ಮೇಲೊಂದು, ಕೆಳಗೊಂದು ರಬ್ಬರು, ಒಳಗೆ ಉಕ್ಕಿನ ಸಣ್ಣ ಕೊಳವೆ. ಬೋಲ್ಟ್ ಎಷ್ಟೇ ಬಿಗಿದರೂ ರಬ್ಬರ್ ಅಪ್ಪಚ್ಚಿ ಆಗದಂತೆ ಆ ಕೊಳವೆ ತಡೆಯುತ್ತೆ.

ಬಿಸಿಲು, ಎಂಜಿನ್ ಕಾವು, ಸೋರಿದ ಆಯಿಲ್ಲು, ಕೆಸರು ಸೇರಿ ವರ್ಷಗಟ್ಟಲೆ ಆ ರಬ್ಬರನ್ನ ತಿಂತವೆ. ಮೊದಲು ಬಿರುಕು, ಆಮೇಲೆ ಚಪ್ಪಟೆ, ಕೊನೆಗೆ ಪುಡಿ. ಆಮೇಲೆ ಹಂಪ್ ಬಂದಾಗಲೆಲ್ಲ "ಟಕ್" ಅಂತ ಶಬ್ದ. ಬಾಗಿಲು ಎತ್ತಿ ಹಾಕಿದರೇ ಕೂರೋದು. ಕ್ಯಾಬಿನ್ ಒಂದು ಕಡೆ ವಾಲಿ, ಅದರ ಕಾಲುಗಳ ಹತ್ರ ತಗಡು ಸೀಳುತ್ತೆ. ಸ್ಟೀರಿಂಗ್ ಚಕ್ರ ಇರೋದು ಕ್ಯಾಬಿನ್ನಿನಲ್ಲಿ, ಅದರ ಬಾಕ್ಸ್ ಇರೋದು ಚಾಸಿಯಲ್ಲಿ. ಎರಡೂ ಬೇರೆ ಬೇರೆ ಕುಣಿದರೆ ನಡುವಿನ ಜಾಯಿಂಟ್ ಸವೀದೆ ಇನ್ನೇನು?

"ಅದು ಬರೇ ಸಪ್ಪಳ ಬಿಡ್ರಿ, ಗಾಡಿ ಓಡ್ತೈತಲ್ಲ" ಅನ್ನೋದು ಮೊದಲ ವಾದ. ಗಾಡಿ ಓಡುತ್ತೆ ಸ್ವಾಮಿ, ಒಳಗೆ ಕೂತವನ ಸೊಂಟ ಓಡಲ್ಲ. ಕೂತ ಮನುಷ್ಯನಿಗೆ ಹೆಚ್ಚು ತ್ರಾಸು ಕೊಡೋದು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ-ಕೆಳಗೆ ಆಗೋ ಕುಲುಕಾಟ. ಯುರೋಪಿನಲ್ಲಿ ಇದಕ್ಕೆ 2002ರಲ್ಲೇ ನಿಯಮ ಬಂತು. ಎಂಟು ತಾಸಿನ ಲೆಕ್ಕದಲ್ಲಿ ಕುಲುಕಾಟ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲಕ ಕ್ರಮ ತಗೊಳ್ಳಲೇಬೇಕು, 1.15 ದಾಟುವಂತೆಯೇ ಇಲ್ಲ. ನಾವು ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನ ಆಸ್ಟಾ ಯೂನಿಟ್ಟಿನಲ್ಲಿ ಅಳೀತೀವಿ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆನೂ ಸಿಕ್ಕಿತು, ಸಂತೋಷ. ಆ ಕಾಯಿ ಹೊತ್ತು ತರೋನ ಬೆನ್ನಿನ ಕುಲುಕಾಟ ಅಳೆದವರು ಯಾರು?

ನ್ಯಾಯವಾಗಿ ಹೇಳಬೇಕಂದ್ರೆ ಎಲ್ಲಾ ಪಾಪ ಬುಷ್ಷಿನ ತಲೆಗೆ ಕಟ್ಟೋಕೆ ಬರಲ್ಲ. ದೊಡ್ಡ ಕುಣಿತ ತಡೆಯೋದು ಕಮಾನು, ಶಾಕ್ ಅಬ್ಸಾರ್ಬರು, ಸೀಟು. ಆದರೆ ಹೆಚ್ಚು ಪಟ್ಟಿ ಹಾಕಿಸಿ ಕಮಾನನ್ನೇ ಕಲ್ಲು ಮಾಡಿದ್ದೀರಲ್ಲ? ಲೋಡ್ ಇದ್ದಾಗ ಪರವಾಗಿಲ್ಲ. ಬ್ಯಾಡಗಿಯಲ್ಲಿ ಚೀಲ ಇಳಿಸಿ ಖಾಲಿ ಗಾಡಿ ತಗೊಂಡು ಮೋಟೆಬೆನ್ನೂರು ಕಡೆ ಹೊರಟಾಗ ನೋಡಿ, ಗಾಡಿ ಕಪ್ಪೆ ಥರ ಜಿಗಿಯುತ್ತೆ. ಆಗ ಚಾಸಿಗೂ ಕ್ಯಾಬಿನ್ನಿಗೂ ನಡುವೆ ಉಳಿದಿರೋದು ಆ ಬುಷ್ ಒಂದೇ. ಅದೂ ಇಲ್ಲದಿದ್ರೆ ಪ್ರತಿ ಗುದ್ದೂ ನೇರ ಬೆನ್ನಿಗೆ.

ಎರಡನೇ ವಾದ ಇನ್ನೂ ಚಂದ. "ಹಳೇ ಟಯರ್ ತುಂಡು ಕೊಯ್ದು ಇಟ್ರ ಆತು, ಅದೂ ರಬ್ಬರೇ ಅಲ್ಲೇನ್ರಿ?" ಅಲ್ಲ. ಟಯರಿನ ಒಳಗೆ ನೈಲಾನ್ ಎಳೆಯೋ ಉಕ್ಕಿನ ತಂತಿಯೋ ಇರುತ್ತೆ. ಕೈಯಲ್ಲಿ ಕೊಯ್ದ ನಾಲ್ಕು ತುಂಡು ನಾಲ್ಕು ದಪ್ಪ, ಹಾಗಾಗಿ ಕ್ಯಾಬಿನ್ ತಿರುಚಿಕೊಂಡು ಕೂರುತ್ತೆ. ಒಳಗಿನ ಕೊಳವೆ ಹಾಕದೆ ಬಿಟ್ಟರೆ ಬೋಲ್ಟ್ ಬಿಗಿದಷ್ಟೂ ತುಂಡು ಹಿಂಡಿ ಹೋಗುತ್ತೆ, ಮತ್ತೆ ಸಡಿಲ. ಇದಕ್ಕೆ "ನಮ್ಮ ಮಿಸ್ತ್ರಿ ತಲಿ ನೋಡ್ರಿ" ಅಂತ ಹೊಗಳಿಕೆ ಬೇರೆ! ಅದೇ ಮಿಸ್ತ್ರಿ ಬ್ರೇಕ್ ಪ್ಯಾಡಿನ ಜಾಗದಲ್ಲಿ ಟಯರ್ ತುಂಡು ಇಟ್ಟರೆ ಒಪ್ತೀರಾ? ಅಲ್ಲಿ ನಿಮ್ಮ ಗಾಡಿ ಹೋಗುತ್ತೆ, ಇಲ್ಲಿ ಹೋಗೋದು ಇನ್ನೊಬ್ಬನ ಬೆನ್ನು. ವ್ಯತ್ಯಾಸ ಅಷ್ಟೇ.

ಹಾಗಂತ ಇದೇನು ದೊಡ್ಡ ಕೆಲಸವೂ ಅಲ್ಲ. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡ ಕೊಟ್ಟು, ಬ್ಯಾಟರಿ ವೈರ್ ಬಿಚ್ಚಬೇಕು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಒಂದು ಪಕ್ಕದ ಬೋಲ್ಟ್ ತೆಗೆದು, ಇನ್ನೊಂದು ಪಕ್ಕದ್ದು ಸಡಿಲ ಮಾತ್ರ ಮಾಡಬೇಕು. ತಗಡು ಒಳಗೆ ಹೋಗದ ಹಾಗೆ ಜಾಕಿನ ಮೇಲೆ ಕಟ್ಟಿಗೆ ಹಲಗೆ ಇಟ್ಟು, ಬುಷ್ ಹೊರಬರುವಷ್ಟು ಮಾತ್ರ ಕ್ಯಾಬಿನ್ ಎತ್ತಬೇಕು. ಎತ್ತುವಾಗ ಸ್ಟೀರಿಂಗ್ ಜಾಯಿಂಟ್, ವೈರು, ಪೈಪು ಜಗ್ಗುತ್ತಿವೆಯಾ ನೋಡ್ತಾ ಇರಬೇಕು. ಜಾಕಿ ನಂಬಿ ನಡುವೆ ಕೈ ಹಾಕಬಾರದು, ಕಟ್ಟಿಗೆ ದಿಮ್ಮಿ ಕೊಟ್ಟೇ ಹಾಕಬೇಕು. ಬ್ರಾಕೆಟ್ ತುಕ್ಕು ತಿಂದಿದ್ರೆ ಮೊದಲು ಅದರ ರಿಪೇರಿ. ಕೊನೆಗೆ ಕಂಪನಿ ಹೇಳಿದಷ್ಟೇ ಟಾರ್ಕಿಗೆ ಬಿಗಿಯಬೇಕು. ಹಾಕಿದರೆ ಪೂರ್ತಿ ಸೆಟ್ ಹಾಕಬೇಕು. ಒಂದು ಹೊಸದು, ಮೂರು ಸತ್ತದ್ದು ಇದ್ದರೆ ಹೊಸದೇ ಎಲ್ಲಾ ಭಾರ ಹೊತ್ತು ಬೇಗ ಸಾಯುತ್ತೆ. ಸೆಟ್ಟಿನ ಖರ್ಚು ಒಂದು ಹೊಸ ಟಯರಿಗಿಂತ ಕಡಿಮೆ.

ಹಾಗಾದ್ರೆ ಯಾಕೆ ಮಾಡಿಸಲ್ಲ? ಕೇಳೋರು ಇಲ್ಲ, ಅದಕ್ಕೆ. 2025ರವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಐದು ಅಥವಾ ಹೆಚ್ಚು ಕೆಲಸಗಾರರು ಇದ್ದ ಸಂಸ್ಥೆಗೆ ಮಾತ್ರ ಅನ್ವಯ ಆಗ್ತಿತ್ತು. ಒಂದು ಪಿಕಪ್ಪು, ಒಬ್ಬ ಡ್ರೈವರ್ ಇಟ್ಟ ಮಾಲಕ ಅದರ ಹೊರಗೇ ಉಳೀತಿದ್ದ. ಬೆಂಗಳೂರಿನಲ್ಲಿ ಅಲುಗಾಡದ ನೆಲದ ಮೇಲೆ ಕೂತು ಕೋಡ್ ಬರೆಯೋ ನನ್ನಂಥವನಿಗೆ ಆಫೀಸಿನಲ್ಲಿ ಸೊಂಟಕ್ಕೆ ಆಸರೆ ಇರೋ ಕುರ್ಚಿ ಕೊಡ್ತಾರೆ, ಅದರ ಎತ್ತರ ಸರಿ ಇದೆಯಾ ಅಂತ ಕೇಳ್ತಾರೆ. ಎನ್‌ಎಚ್ 48ರಲ್ಲಿ ರಾತ್ರಿಯೆಲ್ಲ ಗಾಡಿ ಓಡಿಸೋನಿಗೆ ಟಯರ್ ತುಂಡು. ಇಬ್ಬರ ಬೆನ್ನೆಲುಬೂ ಒಂದೇ ಥರದ್ದು, ಇಂಜಿನಿಯರಿಂಗ್ ಓದಿದ ಮಾತ್ರಕ್ಕೆ ನನ್ನದು ಬಂಗಾರದ್ದೇನಲ್ಲ.

"ಮಾಲಕನೇ ಡ್ರೈವರ್ ಇದ್ರ ಯಾರನ್ನ ಬೈತೀರಿ?" ಅಂತ ಕೇಳಬಹುದು. ನಮ್ಮ ಕಡೆ ಅಂಥವರು ಬಹಳ ಇದ್ದಾರೆ, ನಿಜ. ಫೈನಾನ್ಸ್ ಕಂತು ತಪ್ಪಿಸೋಕಾಗಲ್ಲ, ಬೆನ್ನುನೋವು ಮುಂದೂಡಬಹುದು. ಅವರಿಗೆ ಬೈಗುಳ ಇಲ್ಲ, ಒಂದು ಲೆಕ್ಕ ಮಾತ್ರ: ಸೊಂಟ ಹಿಡಿದು ಒಂದು ವಾರ ಮಲಗಿದರೆ ಹೋಗೋ ಬಾಡಿಗೆ ಎಷ್ಟು? ಅದರ ಪಕ್ಕ ಬುಷ್ ಸೆಟ್ಟಿನ ಬಿಲ್ ಇಟ್ಟು ನೋಡಿ.

ಸಾರಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಲೇಬೇಕು. ಅದಕ್ಕೆ ಮುಂಚೆ ಬಣ್ಣ ಬಳಿಸ್ತೀರಿ, ರಿಫ್ಲೆಕ್ಟರ್ ಪಟ್ಟಿ ಅಂಟಿಸ್ತೀರಿ. ಅವತ್ತೇ ಗಾಡಿ ಕೆಳಗೆ ಬಗ್ಗಿ ಟಾರ್ಚ್ ಹಾಕಿ, ಬುಷ್ ಬಿರುಕು ಬಿಟ್ಟಿದ್ರೆ ಸೆಟ್ ಬದಲಿಸಿ. ಗ್ಯಾರೇಜಿನವರಿಗೂ ಒಂದು ಮಾತು: ಟಯರ್ ತುಂಡು ಇಡು ಅಂದ್ರೆ "ನಾನು ಇಡಂಗಿಲ್ಲ" ಅನ್ನಿ. ಡ್ರೈವರ್ ಅಣ್ಣಂದಿರು ಬಾಡಿಗೆ ಮಾತಾಡುವಾಗ ಭತ್ಯೆ ಕೇಳ್ತೀರಿ, ಡೀಸೆಲ್ ಲೆಕ್ಕ ಕೇಳ್ತೀರಿ. ಅದರ ಜೊತೆ ಬುಷ್ ಕೂಡ ಕೇಳಿ, ಗಾಡಿ ಕೀಲಿ ಇಸ್ಕೊಳ್ಳೋಕೂ ಮೊದಲೇ ಕೇಳಿ.